ಲ ಇದ್ದ ಕಡೆ ಳ

ಶಮ್ಮಾಸನ ಫೈಲು ತೆರೆದಿದೆ. ವಯಸ್ಸು ಒಂಬತ್ತು.
ಓಟದ ಪಂದ್ಯದಲ್ಲಿ ಗೆರೆ ಮುಟ್ಟುವ ಮೊದಲೇ ಬಿದ್ದವನು,
ಕಣ್ಣು ಬಿಟ್ಟೊಡನೆ ‘ಗೆದ್ದದ್ದು ಯಾರು?’ ಎಂದವನು.
ಎದೆಬಡಿತದ ಲಯ ಕಾಯುವ ಒಂದು ಜೀನು,
ಎರಡು ಸಾವಿರ ಅಕ್ಷರ,
ಜಿ ಇರಬೇಕಾದ ಒಂದೇ ಒಂದು ಕಡೆ ಎ.

ನಮ್ಮ ಕೊಡವ ತಕ್ಕಿನಲ್ಲಿ ಪಾಲ್,
ಅವನ ತಾಯಿ ರುಖಿಯಳ ಮನೆಮಾತಿನಲ್ಲೂ ಪಾಲ್,
ಶಾಲೆಯ ಕನ್ನಡದಲ್ಲಿ ಹಾಲು.
ಪ ಹೋಗಿ ಹ ಬಂತು, ಲೋಟದೊಳಗೆ ಏನೂ ಕೆಡಲಿಲ್ಲ.
ಲ ಇದ್ದ ಕಡೆ ಳ ಬಂದು ಕೂತರೆ ಮಾತ್ರ
ಹಾಲು ಹಾಳು.
ಇದು ಯಾವ ಬಗೆಯದು?
ಮಡಿಕೇರಿಯ ಈ ಸಣ್ಣ ಕೋಣೆಯಲ್ಲಿ ಕೂತು,
ಕರೆಂಟು ಹೋಗಿ ಬರುವ ನಡುವೆ,
ಅದನ್ನೇ ಕೇಳುತ್ತಿದ್ದೇನೆ.

ಮೊದಲ ಸಾಧನ ಸಿಫ್ಟ್. ಹೆಸರಿಗೆ ಜರಡಿ ಎಂದೇ ಅರ್ಥ.
ಇಲಿಯಲ್ಲಿ, ಕೋಳಿಯಲ್ಲಿ, ಕಪ್ಪೆಯಲ್ಲಿ, ಮೀನಿನಲ್ಲಿ
ಆ ಜಾಗದಲ್ಲಿ ಯಾರು ಕೂತಿದ್ದಾರೆಂದು ನೋಡಿಬಂದು
ಹೇಳಿತು: ೦.೦೭. ಸಹಿಸಬಹುದು.
ಎರಡನೆಯದು ಪ್ರೋಟೀನಿನ ಮಡಿಕೆಗಳನ್ನು ಸವರಿ
ಹೇಳಿತು: ೦.೯೭. ಬಹುಶಃ ಹಾನಿ.
(ಅದಕ್ಕೆ ಸೊನ್ನೆ ಕೆಟ್ಟದ್ದು, ಇದಕ್ಕೆ ಒಂದು ಕೆಟ್ಟದ್ದು.
ಹೊಸದರಲ್ಲಿ ಉಲ್ಟಾ ಓದಿ
ಒಂದಿಡೀ ರಾತ್ರಿ ನಿದ್ದೆಗೆಟ್ಟಿದ್ದೆ.)
ಮೂರನೆಯದು ಹತ್ತಾರು ಸಾಧನಗಳ ಮಾತು ಕೇಳಿಸಿಕೊಂಡು,
ಪಂಚಾಯಿತಿಗೆ ಕೂತ ಹಿರಿಯನ ಹಾಗೆ ಕೆಮ್ಮಿ,
೦.೬೧ ಎಂದಿತು.

ಜಗತ್ತಿನ ಲಕ್ಷಾಂತರ ಜನರ ಪಟ್ಟಿಯಲ್ಲಿ ಹುಡುಕಿದೆ.
ಈ ಅಕ್ಷರ ಒಬ್ಬರಲ್ಲೂ ಇಲ್ಲ.
ಅಪರೂಪವೆಂದೇ? ಅಥವಾ ಸುಂಟಿಕೊಪ್ಪದಿಂದ
ಆ ಪಟ್ಟಿಗೆ ಯಾರೂ ತೋಳು ಚಾಚಿಲ್ಲವೆಂದೇ?

‘ಅರ್ಥ ನಿಶ್ಚಯವಾಗದ ವ್ಯತ್ಯಾಸ’ ಎಂದೆ ರುಖಿಯಳಿಗೆ.
ಹದಿಮೂರು ವರ್ಷದಿಂದ ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನಲ್ಲಿ
ಕಾಫಿ ಬೀಜ ಆರಿಸುವವಳು ಅವಳು.
‘ನಮ್ಮಲ್ಲೂ ಉಂಟು ಮೇಡಂ, ಬಣ್ಣ ನೋಡುವ ಮಿಷನ್ನು.
ಕಪ್ಪು ಕಂಡರೆ ಪುಸಕ್ಕಂತ ಗಾಳಿ ಊದಿ ಆಚೆ ಹಾಕ್ತದೆ.
ಹಾಕಿದ ರಾಶಿ ಮತ್ತೆ ನಮ್ಮ ಮುಂದೆ ಬರ್ತದೆ.
ಅದರಲ್ಲಿ ಒಳ್ಳೇದೂ ಇರ್ತದೆ. ಒಳ್ಳೇ ರಾಶಿಯಲ್ಲಿ ಕೆಟ್ಟದ್ದೂ.
ಎರಡರ ಬದಲು ಒಂದೇ ಬೀಜ ಉರುಟಾಗಿ ಬೆಳೆದಿರ್ತದಲ್ಲ,
ಅದೂ ತಪ್ಪೇ. ಆದರೆ ರೇಟು ಜಾಸ್ತಿ.
ನನ್ನ ಮಗ ಯಾವುದು ಹೇಳಿ.’

ಗೊತ್ತಿಲ್ಲ ಎನ್ನಲು ಒಂದು ನಮೂನೆಯಿದೆ, ನಾಲ್ಕು ಪುಟದ್ದು.
ಅದನ್ನು ಮಗುಚುತ್ತ ಕೇಳಲೇಬೇಕಾದ್ದು ಕೇಳಿದೆ:
ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ...
‘ಇಲ್ಲ’ ಎಂದಳು. ಬ್ಯಾಗಿನ ಜಿಪ್ಪು ಎಳೆದಳು. ಎದ್ದಳು.
ಬಾಗಿಲ ಹತ್ತಿರ ನಿಂತು,
‘ನನ್ನ ಅಣ್ಣ ಮೊಯ್ದು. ಹದಿನಾರು.
ಹಾರಂಗಿಯಲ್ಲಿ ಮುಳುಗಿದ್ದು. ಅದು ಕಾಯಿಲೆ ಅಲ್ಲವಲ್ಲ.’
ಚಿಲಕ ಹಿಡಿದ ಕೈ ಹಾಗೇ ಇತ್ತು.
‘ಅವನಿಗೆ ಈಜು ಬರ್ತಿತ್ತು ಮೇಡಂ.
ನನಗೆ ಕಲಿಸಿದ್ದೇ ಅವನು.’

ಯಾವ ಸಾಧನವೂ ಆ ನೀರಿಗೆ ಇಳಿದಿಲ್ಲ.
ಮೊಯ್ದುವನ್ನು ತುಂಬಲು ಯಾವುದರಲ್ಲೂ ಖಾನೆಯಿಲ್ಲ.

ಮರುದಿನ ಮನೆಯವರೆಲ್ಲ ಬಂದರು. ಆರು ಕೊಳವೆ ರಕ್ತ.
ಕೊನೆಗೆ ಅಜ್ಜಿ ಆಯಿಷುಮ್ಮ ಬಳೆ ಮೇಲೆ ಸರಿಸಿ
‘ನಂಗೆ ಅಕ್ಷರ ಬರಲ್ಲ, ನೀನೇ ಓದಿ ಹೇಳು’ ಎಂದು
ಮುಖ ಆಚೆ ತಿರುಗಿಸಿದಳು.
ಐಸಿನ ಡಬ್ಬಿ ಮೈಸೂರು ಬಸ್ಸಿನಲ್ಲಿ
ಕಂಡಕ್ಟರನ ಸೀಟಿನಡಿ ಕೂತು ಹೋಯಿತು.

ಈ ವಾರ ಮೂರನೆಯ ಸಾಧನದ ಹೊಸ ಆವೃತ್ತಿ ಬಂದಿದೆ.
ಅದೇ ಹುಡುಗ, ಅದೇ ಅಕ್ಷರ. ೦.೫೪ ಎಂದಿತು.
ಹುಡುಗನಿಗೇನೂ ಗೊತ್ತಾಗಲಿಲ್ಲ.

ರಕ್ತದ ವರದಿ ಇನ್ನೂ ಬಂದಿಲ್ಲ.
ಹೃದಯದ ಡಾಕ್ಟರು ಕಾಯದೆ ಮಾತ್ರೆ ಶುರುಮಾಡಿದ್ದಾರೆ,
ಅರ್ಧ, ಬೆಳಿಗ್ಗೆ. ಕೆರೆ, ಹೊಳೆ ಬೇಡ.
ರುಖಿಯ ಫೋನಿನಲ್ಲಿ, ಹಿಂದೆ ಕಾಫಿ ಜರಡಿಯ ಸದ್ದು:
‘ಪಾಲಲ್ಲಿ ಕೊಡಬಹುದಾ?’
ಕೊಡಿ ಎಂದೆ.
ಅಷ್ಟೊಂದು ಗೊತ್ತಿತ್ತು.